ದೊಡ್ಡಮ್ಮನ ದನಿ

ಪಿ.ಜೆ. ಬಡಾವಣೆಯಲ್ಲಿ ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ಎದುರು ಒಂದು ಚರಂಡಿ ಇದೆ. ಚರಂಡಿ ಇದ್ದಮೇಲೆ ಹಂದಿಯೂ ಇದೆ. ಮೊನ್ನೆ ಮಧ್ಯಾಹ್ನ ಸ್ಕೂಟರಿನ ಸೀಟಿನ ಮೇಲೆ ಅಡ್ಡ ಕೂತು ಚಹಾ ಕುಡಿಯುತ್ತಿದ್ದೆ. ಹಿಂದಿನಿಂದ ‘ಹುಂ’ ಎಂದು ಒಂದು ಉಸಿರು ಕೇಳಿಸಿತು. ಅಷ್ಟೇ. ಮರುಕ್ಷಣ ನನ್ನ ಎರಡೂ ಕಾಲು ಸೀಟಿನ ಮೇಲಿದ್ದವು, ಚಹಾ ಅಂಗಿಯ ಮೇಲಿತ್ತು. ದವಡೆ ಊದಿಸಿಕೊಂಡು ಸರದಿ ಕಾಯುತ್ತಿದ್ದ ಒಬ್ಬರು ನೋವು ಮರೆತು ನಕ್ಕರು. ನಕ್ಕಿದ್ದಕ್ಕೆ ನೋವು ಹೆಚ್ಚಾಗಿ ಅಳುಮುಖ ಮಾಡಿದರು. ಹಂದಿ ನನ್ನನ್ನು ಮೂಸಿಯೂ ನೋಡಲಿಲ್ಲ. ಎಳನೀರಿನ ಬುರುಡೆಯೊಂದನ್ನು ಮೂತಿಯಲ್ಲಿ ಉರುಳಿಸಿಕೊಂಡು ತನ್ನ ಪಾಡಿಗೆ ಹೋಯಿತು.

ನನ್ನನ್ನು ಬಲ್ಲವರಿಗೆ ಇದು ಇನ್ನೂ ದೊಡ್ಡ ತಮಾಷೆ. ಯಾಕೆಂದರೆ ನಮ್ಮ ನೆಂಟರಿಷ್ಟರಲ್ಲಿ ನಾನು ಹೆಸರು ಮಾಡಿದ್ದೇ ಹಂದಿಯ ದನಿಯಿಂದ. ಮದುವೆಯ ಹಿಂದಿನ ದಿನ, ನಾಮಕರಣದ ಊಟವಾದ ಮೇಲೆ, ‘ಮಂಜ, ಒಂದೀಟು ಮಾಡ್ಲೇ’ ಎಂದರೆ ಸಾಕು, ನಾನು ಎದ್ದು ನಿಲ್ಲುತ್ತಿದ್ದೆ. ಮೊದಲು ಹರಿಹರದ ಬಸ್ಸಿನ ಕಂಡಕ್ಟರು: ‘ಮುಂದಕ್ ಹೋಗ್ರಿ, ಮುಂದೆ ಛತ್ರದಷ್ಟು ಜಾಗ ಐತೆ, ಎಲೆ ಹಾಕೋದೊಂದು ಬಾಕಿ!’ ಆಮೇಲೆ ನಮ್ಮ ಡಾಕ್ಟರು ‘ನೋವಾಗಲ್ಲ, ನೋವಾಗಲ್ಲ’ ಎನ್ನುತ್ತ ಹಲ್ಲು ಕೀಳುವುದು. ಅವರ ದನಿ ನಾನು ತೆಗೆಯುವಾಗ ಅವರೇ ಎದುರು ಕೂತಿದ್ದರೂ ನಿಲ್ಲಿಸಿದವನಲ್ಲ. ನಮ್ಮಮ್ಮ ಫೋನಿನಲ್ಲಿ ಮಾತಾಡುವುದು, ಸತ್ತ ಸುದ್ದಿ ಕೇಳಿದಾಗ ಒಂದು ದನಿ, ಹುಟ್ಟಿದ ಸುದ್ದಿ ಕೇಳಿದಾಗ ಇನ್ನೊಂದು, ಎರಡರ ಕೊನೆಗೂ ‘ಮತ್ತೆ ಊಟ ಆತಾ?’ ಕೊನೆಗೆ ನನ್ನದೇ ದನಿ: ಎಲ್ಲರನ್ನೂ ಅಣಕಿಸಿ ಮುಗಿಸಿದ ಮೇಲೆ ಬೈಸಿಕೊಳ್ಳುವಾಗ ಬರುವ, ಇಲಿಯಂಥ ದನಿ. ಅದಕ್ಕೇ ಹೆಚ್ಚು ಚಪ್ಪಾಳೆ. ಹಂದಿಯನ್ನು ಯಾವಾಗಲೂ ಎಲ್ಲಕ್ಕಿಂತ ಕಡೆಗೆ ಇಟ್ಟುಕೊಳ್ಳುತ್ತಿದ್ದೆ. ಅದರಾಚೆ ಏನು ಮಾಡಿದರೂ ಸಪ್ಪೆ.

ಆ ವಿದ್ಯೆಗೆ ನನಗೆ ಗುರುವಿಲ್ಲ, ಗಲ್ಲಿ ಇತ್ತು. ದಾವಣಗೆರೆಯ ನಮ್ಮ ಮನೆಯ ಹಿಂದೆ ಆಗ ಒಂದು ಖಾಲಿ ಸೈಟು, ಸೈಟಿನ ತುಂಬ ಕೆಸರು. ಬೇಸಿಗೆ ರಜೆಯಲ್ಲಿ ನಾನು ಕಿಟಕಿಯ ಸರಳಿಗೆ ಮುಖ ಒತ್ತಿ ಕೂತು ಹಂದಿಗಳ ಸಂಸಾರ ನೋಡುತ್ತಿದ್ದೆ. ‘ಹಂದಿ ನೋಡಿ ನೋಡಿ ಮೂತಿ ಹಂಗೇ ಆಗ್ತೈತೆ ನೋಡು’ ಎಂದು ಅಜ್ಜಿ ಬೈಯುತ್ತಿದ್ದಳು. ಮೂತಿ ಆಗಲಿಲ್ಲ, ಗಂಟಲು ಆಯಿತು. ಹಂದಿಗೆ ಒಂದೇ ದನಿ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಮರಿಯ ಕಾಲನ್ನು ಯಾರಾದರೂ ಹಿಡಿದರೆ ‘ಕ್ವೀ’ ಎಂದು ಅದು ಆಕಾಶ ಹರಿಯುತ್ತದೆ. ಅದು ಒಂದು. ತಾಯಿ ಮಗ್ಗುಲಾಗಿ ಮಲಗಿ ಹಾಲಿಗೆ ಕರೆಯುವಾಗ ಹೊಟ್ಟೆಯೊಳಗಿಂದ ‘ಹುಂ... ಹುಂ... ಹುಂ’ ಎಂದು ನಿಧಾನಕ್ಕೆ ಶುರುಮಾಡಿ, ಹಾಲು ಇಳಿಯುವ ಹೊತ್ತಿಗೆ ಹೊಲಿಗೆ ಯಂತ್ರದ ಹಾಗೆ ಬಿರುಸಾಗುತ್ತಾಳೆ. ಅದು ಇನ್ನೊಂದು. ಮೊದಲನೆಯದಕ್ಕೆ ಛತ್ರದಲ್ಲಿ ಜನ ನಗುತ್ತಿದ್ದರು. ಎರಡನೆಯದನ್ನು ನಾನು ಮಾಡಿ ತೋರಿಸುತ್ತಲೇ ಇರಲಿಲ್ಲ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಮೂರು ಮಳೆಗಾಲದ ಹಿಂದಿನ ಮಾತು. ನಮ್ಮ ಸೋದರಮಾವ ತಿಪ್ಪೇಶನ ಊರು ಮಲೆಬೆನ್ನೂರಿನಿಂದ ನಂದಿಗುಡಿ ಕಡೆಯ ಬಸ್ಸು ಹತ್ತಿದರೆ ನಡುವೆ ಸಿಗುತ್ತದೆ. ಎಲ್ಲಿ ನೋಡಿದರೂ ಭತ್ತದ ಗದ್ದೆ. ನಾಲೆಯ ನೀರು ಕಾಲುವೆಗೆ, ಕಾಲುವೆಯಿಂದ ಗದ್ದೆಗೆ. ಕಾಲುವೆಯ ಏರಿಯಲ್ಲಿ ಮಣ್ಣು ಹಾಕಿ ಮುಚ್ಚಿದ ಒಂದು ಬಾಯಿ ಇರುತ್ತದೆ, ಅದೇ ಮಡೆ. ನಿಮ್ಮ ಪಾಳಿ ಬಂದಾಗ ಹೋಗಿ ಸನಿಕೆಯಿಂದ ಆ ಮಣ್ಣು ಸರಿಸಿದರೆ ನೀರು ನಿಮ್ಮದು, ಹೋಗದಿದ್ದರೆ ಪಕ್ಕದವನದು. ಮಾವನ ಮಡೆ ಇರುವುದು ಕಾಲುವೆ ತಿರುಗುವ ಕಡೆ, ಆಳೆತ್ತರದ ಆಪುಹುಲ್ಲು ಬೆಳೆದ ಜವುಗಿನ ಪಕ್ಕ. ಆ ಆಪಿನೊಳಗೆ ಒಂದು ಹಂದಿ ಸೇರಿಕೊಂಡಿತ್ತು.

ಯಾರೋ ಪಟ್ಟಣದ ಹಂದಿಗಳನ್ನು ಗಾಡಿಯಲ್ಲಿ ತುಂಬಿ ತಂದು ನಾಲೆಯ ಬದಿಗೆ ಇಳಿಸಿ ಹೋಗಿದ್ದರಂತೆ. ಕೆಲವು ಸತ್ತವು, ಕೆಲವನ್ನು ನಾಯಿ ತಿಂದವು. ಉಳಿದ ಒಂದು ಹೆಣ್ಣು ಚರಂಡಿ ಮರೆತು ಕಾಡಿನ ಬುದ್ಧಿ ಕಲಿಯಿತು. ಮೈಮೇಲೆ ಬಿರುಸು ಕೂದಲು, ಉದ್ದ ಮೂತಿ, ಮನುಷ್ಯರನ್ನು ಕಂಡರೆ ಓಡುವ ಬದಲು ನಿಂತು ನೋಡುವ ಚಾಳಿ. ಒಂದು ಬೆಳಗಿನ ಜಾವ ಮಡೆ ತೆರೆಯಲು ಹೋದ ಮಾವನ ತೊಡೆಯನ್ನು ಅದು ಬಗೆದು ಹಾಕಿತು. ಹೊಲಿಗೆ ಹಾಕಿಸಿಕೊಂಡು ಬಂದ ಮಾವ ಆಮೇಲೆ ಗದ್ದೆಯ ದಾರಿಯಲ್ಲಿರುವ ಜಾಲಿಮರ ದಾಟಲಿಲ್ಲ. ‘ಕಾಲು ನೋವು’ ಎನ್ನುತ್ತಿದ್ದ. ಗಾಯವಾದದ್ದು ಎಡಗಾಲಿಗೆ, ಅತ್ತೆ ‘ನೀರಿಗೆ ಹೋಗ್ರಿ’ ಎಂದಾಗ ಮಾತ್ರ ಎರಡೂ ಕಾಲು ಕುಂಟುತ್ತಿದ್ದವು. ನಾನು ಅದನ್ನು ಅವನೆದುರೇ ನಡೆದು ತೋರಿಸಿದೆ. ಮಾವ ನಕ್ಕ. ಕಣ್ಣು ನಗಲಿಲ್ಲ.

ಹಾಗಾಗಿ ಮಡೆಗೆ ಹೋಗುವ ಕೆಲಸ ಹಾಲಮ್ಮತ್ತೆಗೆ ಬಿತ್ತು. ಹೊತ್ತು ಮೂಡುವ ಮುಂಚೆ ಒಮ್ಮೆ, ಮುಳುಗುವಾಗ ಒಮ್ಮೆ. ಸೀರೆ ಎತ್ತಿ ಕಟ್ಟಿ, ಸನಿಕೆ ಹೆಗಲಿಗೇರಿಸಿ, ಒಬ್ಬಳೇ. ಆಪಿನೊಳಗಿನ ಹಂದಿ ಈಗ ಮರಿ ಹಾಕಿದೆ ಎಂದು ಗೊತ್ತಾದ ದಿನ ನಮ್ಮಮ್ಮ ಫೋನಿನಲ್ಲಿ ಅತ್ತಳು. ಅತ್ತೆ ಫೋನಿನ ಆಚೆಯಿಂದ ಅಂದಳು: ‘ಹೆದ್ರಿಕೆ ನಂಗೂ ಐತೆ ಅತ್ತಿಗೆ. ಆದ್ರೆ ಪೈರು ಕೇಳಲ್ವಲ್ಲ. ನಿಮ್ಮ ಮಂಜನ್ನ ಕಳಿಸ್ರಿ. ಕೆಂಚಪ್ಪಜ್ಜ ಕೇಳ್ತಿದಾನೆ.’

ಕೆಂಚಪ್ಪಜ್ಜ ಅಂದರೆ ಆ ಊರಿನಲ್ಲಿ ಹಂದಿಬಲೆ ಇಟ್ಟುಕೊಂಡಿದ್ದ ಮುದುಕ. ಬಲೆ ಅವನಪ್ಪನದು. ಸೆಣಬಿನ ಹಗ್ಗ, ಒಂದೊಂದು ಕಣ್ಣಿನಲ್ಲಿ ತಲೆ ತೂರುವಷ್ಟು ಜಾಗ. ಬಹಳ ವರ್ಷದಿಂದ ಅಟ್ಟದ ಮೇಲಿದ್ದು ಇಲಿಗಳಿಗೆ ಸಂಸಾರ ಮಾಡಲು ಜಾಗ ಕೊಟ್ಟಿತ್ತು. ನಾನು ಹೋದಾಗ ಅಜ್ಜ ಅದನ್ನು ಅಂಗಳದಲ್ಲಿ ಹರವಿಕೊಂಡು ಕೂತಿದ್ದ.

‘ಏನ್ಲೇ, ಪ್ಯಾಟಿ ಹುಡುಗ, ನೀನಂತೆ ಮರಿ ಕೂಗೋದು?’

‘ಹೂನಜ್ಜ. ನಿಂದೂ ಕೂಗ್ತೀನಿ, ಬೇಕಾದ್ರೆ.’

‘ನಂದು ಕೂಗಿದ್ರೆ ಯಾರೂ ಬರಲ್ಲ ಬಿಡು. ನಮ್ಮ ಮುದುಕಿನೇ ಬರಲ್ಲ.’

ಅವನೂ ಹೊಸ ಕಾಲದ ಉಪಾಯ ನೋಡಿದ್ದ. ಮೊಮ್ಮಗನ ಫೋನಿನಲ್ಲಿ ಹಂದಿಮರಿ ಕೂಗುವುದನ್ನು ಹುಡುಕಿ, ಆಪಿನ ಕಡೆ ಹಿಡಿದು ಹಾಕಿದ್ದನಂತೆ. ಆ ಮರಿ ಯಾವ ದೇಶದ್ದೋ, ನಮ್ಮದಕ್ಕೆ ಭಾಷೆ ತಿಳಿಯಲಿಲ್ಲವೋ, ತಾಯಿ ತಿರುಗಿಯೂ ನೋಡಲಿಲ್ಲವಂತೆ. ‘ಈ ಕಡೆ ತಾಯಿಗೆ ಈ ಕಡೆ ಮರಿನೇ ಕೂಗ್ಬೇಕು’ ಎಂದ ಅಜ್ಜ. ನಾನು ಎದೆಯುಬ್ಬಿಸಿದೆ. ನನ್ನ ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ನಗಿಸಲು ಅಲ್ಲದೆ ಕೆಲಸಕ್ಕೆ ಕರೆದಿದ್ದರು.

ಬಲೆ ಹಾಕುವ ಮೊದಲು ಅಜ್ಜನಿಗೆ ಒಂದು ಖಾತ್ರಿ ಬೇಕಿತ್ತು. ‘ಕಾಡಿಂದಾದ್ರೆ ನಾ ಮುಟ್ಟಲ್ಲಪ್ಪ. ಅರಣ್ಯದೋರ ಜೀಪ್ ಬರ್ತೈತೆ. ಈ ವಯಸ್ಸಲ್ಲಿ ಜೈಲಿನ ಮುದ್ದೆ ನಂಗೆ ಅರಗಲ್ಲ.’ ಮಾವ ಆಣೆ ಮಾಡಿದ. ತೊಡೆ ಬಗೆಸಿಕೊಂಡಾಗ ಅದರ ಕಿವಿಯನ್ನು ಅಷ್ಟು ಹತ್ತಿರದಿಂದ ನೋಡಿದವನು ಅವನೊಬ್ಬನೇ. ಸಾಕಿದವರು ಗುರುತಿಗೆ ಕಿವಿ ಸೀಳಿದ್ದರು. ಕಾಡಿನದಕ್ಕೆ ಯಾರು ಕಿವಿ ಸೀಳುತ್ತಾರೆ? ಅರಣ್ಯದವರೂ ಬಂದು ನೋಡಿ, ‘ಇದು ಊರಿಂದು, ನಮ್ಮದಲ್ಲ’ ಎಂದು ಹೋಗಿದ್ದರಂತೆ. ಪಟ್ಟಣದಲ್ಲಿ ಕೇಳಿದರೆ ‘ಊರು ಬಿಟ್ಟು ಹೋದ್ಮೇಲೆ ಅದು ನಮ್ಮದು ಹೆಂಗಾಗ್ತೈತೆ?’ ಎಂದರಂತೆ. ಒಟ್ಟಿನಲ್ಲಿ ಅದು ಯಾರದೂ ಅಲ್ಲ. ಅದರ ಹತ್ತಿರ ದಿನಾ ಎರಡು ಸಲ ಹೋಗಬೇಕಾದವಳು ಮಾತ್ರ ನಮ್ಮತ್ತೆ.

ಇನ್ನೊಂದು ಕಟ್ಟಳೆ ಅಜ್ಜ ಹೇಳಿದ. ‘ಬಲೆ ಬಿಚ್ಚಿದ್ಮೇಲೆ ಅದರ ಹೆಸರು ಹಿಡೀಬಾರದು. ಹೆಸರು ಹಿಡಿದ್ರೆ ತಿಳ್ಕೊಂತದೆ. ದೊಡ್ಡಮ್ಮ ಅನ್ರಿ.’ ನಾನು ನಗಲು ಬಾಯಿ ತೆರೆದೆ. ಸುತ್ತ ಯಾರೂ ನಗಲಿಲ್ಲ. ಸೊಂಟದವರೆಗೆ ಬರುವ ಪ್ರಾಣಿಯನ್ನು ಆ ಊರಿನ ಗಡ್ಡ ಮೀಸೆಯವರೆಲ್ಲ ಪಿಸುದನಿಯಲ್ಲಿ ‘ದೊಡ್ಡಮ್ಮ ನಿನ್ನೆ ಆಚೆ ಬದುವಿಗೆ ಬಂದಿದ್ಲು’, ‘ದೊಡ್ಡಮ್ಮ ನೀರಿಗೆ ಇಳಿದಾಳೆ’ ಎನ್ನುವುದನ್ನು ಕೇಳಿ ತೆರೆದ ಬಾಯಿ ಮುಚ್ಚಿಕೊಂಡೆ. ಇಲ್ಲಿಂದ ಮುಂದೆ ನಾನೂ ದೊಡ್ಡಮ್ಮ ಎಂದೇ ಬರೆಯುತ್ತೇನೆ. ಓದುವವರಿಗೆ ತೊಂದರೆಯಾಗದಿರಲಿ.

ಮರುದಿನ ಬೆಳಕು ಹರಿಯುತ್ತಲೇ ಹೋದೆವು. ಉಪಾಯ ಸರಳ. ಆಪಿನಿಂದ ಮಡೆಯ ಕಡೆಗೆ ಒಂದು ಕಿರುದಾರಿ, ದೊಡ್ಡಮ್ಮ ಓಡಾಡಿ ಮಾಡಿಕೊಂಡದ್ದು. ಅದಕ್ಕೆ ಅಡ್ಡಲಾಗಿ ಗೂಟ ನೆಟ್ಟು ಬಲೆ ಕಟ್ಟುವುದು. ಬಲೆಯ ಹಿಂದೆ ನಾನು ಕೂತು, ಕಾಲು ಹಿಡಿಸಿಕೊಂಡ ಮರಿಯ ಹಾಗೆ ಕೂಗುವುದು. ತಾಯಿ ಕುರುಡಾಗಿ ನುಗ್ಗಿ ಬಲೆಗೆ ಬೀಳುವುದು. ಪಕ್ಕದ ಮರೆಯಲ್ಲಿ ಭರ್ಜಿ ಹಿಡಿದು ಅಜ್ಜ ಮತ್ತು ಇಬ್ಬರು. ಮಾವ ಜಾಲಿಮರದವರೆಗೆ ಬಂದು, ‘ನಾ ಇಲ್ಲಿಂದ ಕಾಯ್ತೀನಿ’ ಎಂದು ಅಲ್ಲೇ ನಿಂತ. ಏನನ್ನು ಕಾಯುತ್ತಾನೆ ಎಂದು ಯಾರೂ ಕೇಳಲಿಲ್ಲ. ಅತ್ತೆಯನ್ನು ಮನೆಗೆ ಹೋಗು ಎಂದರೆ ಹೋಗಲಿಲ್ಲ. ‘ಪಾಳಿ ನಂದೈತೆ. ನೀರು ಬಿಟ್ಟು ಎಲ್ಲಿ ಹೋಗ್ಲಿ?’ ಎಂದು ಸನಿಕೆ ಹಿಡಿದು ನನ್ನ ಪಕ್ಕದಲ್ಲೇ, ಹಾಳುಬಿದ್ದ ಪಂಪ್‌ಮನೆಯ ಗೋಡೆಗೆ ಒರಗಿ ಕೂತಳು.

ಬಲೆಯ ಹಿಂದೆ ಕೂತಾಗ ಗೊತ್ತಾಯಿತು: ಆ ಬಲೆಯ ಕಣ್ಣಿನಿಂದ ಆಚೆಯ ಆಪು ಪೂರಾ ಕಾಣುತ್ತದೆ. ಅಂದರೆ ಆಚೆಯಿಂದ ನಾನೂ ಪೂರಾ ಕಾಣುತ್ತೇನೆ. ಗಾಳಿ ಇರಲಿಲ್ಲ. ಆದರೂ ಆಪಿನ ನಡುವೆ ಒಂದು ಕಡೆ ಮಾತ್ರ ಎಲೆ ಅಲುಗಿ ನಿಂತವು. ಅಜ್ಜ ಮರೆಯಿಂದ ಕೈ ಎತ್ತಿದ. ಕೂಗು, ಅಂತ.

ನಾನು ಬಾಯಿ ತೆರೆದೆ. ಛತ್ರ ಛತ್ರಗಳಲ್ಲಿ ಮೈಕು ಇಲ್ಲದೆ ಕೊನೆಯ ಪಂಕ್ತಿಗೂ ಕೇಳುವ ಹಾಗೆ ಕೂಗಿದ ಗಂಟಲು. ಗಾಳಿ ಬಂತು, ದನಿ ಬರಲಿಲ್ಲ. ಮತ್ತೆ ತೆರೆದೆ. ಬಾಯಿ ಒಣಗಿದ ಹುಣಿಸೆ ಸಿಪ್ಪೆ. ಅತ್ತೆ ಮೊಣಕೈಯಿಂದ ತಿವಿದಳು: ‘ಕೂಗೋ.’ ‘ಬರ್ತಿಲ್ಲತ್ತೆ.’ ‘ದಿನಾ ಬರ್ತೈತೆ, ಇವತ್ತೇನು ಬ್ಯಾನಿ?’ ನಾನು ಕಣ್ಣು ಮುಚ್ಚಿದೆ. ಉಸಿರು ನಡುಗಿ ನಡುಗಿ ಹೊಟ್ಟೆಯಿಂದ ಹೊರಬರತೊಡಗಿತು, ‘ಹುಂ... ಹುಂ... ಹುಂ...’ ಎಂದು. ಅದು ನಾನು ಮಾಡಿದ್ದಲ್ಲ, ಹೆದರಿಕೆ ಮಾಡಿದ್ದು. ಕೇಳುತ್ತ ಕೇಳುತ್ತ ನನಗೇ ತಿಳಿಯಿತು ಅದು ಯಾವ ದನಿ ಅಂತ. ಹಾಲಿಗೆ ಕರೆಯುವ ದನಿ.

ಕಣ್ಣು ಬಿಟ್ಟಾಗ ಆಪಿನಿಂದ ಮರಿಗಳು ಬರುತ್ತಿದ್ದವು.

ಐದಾರು ಇದ್ದವು. ಒಂದರ ಮೈಮೇಲೂ ಕಾಡಿನ ಮರಿಗಳ ಪಟ್ಟೆ ಇರಲಿಲ್ಲ. ಚರಂಡಿಯ ಮರಿಗಳ ಹಾಗೆಯೇ ಕಪ್ಪು ಬಿಳಿ ಮಚ್ಚೆ. ಬಲೆಯ ಕಣ್ಣುಗಳ ನಡುವೆ ಸಲೀಸಾಗಿ ತೂರಿ, ಸೀದಾ ನನ್ನ ಕಾಲಿನ ಹತ್ತಿರ ಬಂದು, ಪ್ಯಾಂಟನ್ನು ಮೂತಿಯಿಂದ ತಿವಿಯತೊಡಗಿದವು. ಒಂದು ನನ್ನ ಬೂಟಿನ ದಾರವನ್ನು ಬಾಯಲ್ಲಿ ಹಿಡಿದು ಚೀಪಿತು. ಬೇರೆ ದಿನವಾಗಿದ್ದರೆ ನಾನು ಅದನ್ನು ವಿಡಿಯೋ ಮಾಡುತ್ತಿದ್ದೆ.

ಆಮೇಲೆ ದೊಡ್ಡಮ್ಮ ಬಂದಳು. ನುಗ್ಗಲಿಲ್ಲ. ಓಡಲಿಲ್ಲ. ಬಲೆಯಿಂದ ಆಚೆ, ಒಂದು ಮಂಚದಷ್ಟು ದೂರದಲ್ಲಿ ಬಂದು ನಿಂತಳು. ಕಿವಿ ಮುಂದಕ್ಕೆ. ಎಡಗಿವಿ ಎರಡು ಸೀಳು. ನಾನು ‘ಹುಂ ಹುಂ’ ಎನ್ನುವುದನ್ನು ನಿಲ್ಲಿಸಲಾರೆ. ನಿಲ್ಲಿಸಿದರೆ ಏನಾಗುತ್ತದೋ ಎಂಬ ಭಯ. ಅವಳು ತಲೆ ವಾರೆ ಮಾಡಿ ಕೇಳಿದಳು. ತನ್ನ ದನಿ ತನ್ನ ಬಾಯಿ ಬಿಟ್ಟು ಬೇರೆ ಕಡೆಯಿಂದ ಬರುತ್ತಿದೆ. ತನ್ನ ಮರಿಗಳು ಆ ದನಿಯ ಸುತ್ತ ಇವೆ. ನಾನು ಎಷ್ಟೋ ಜನರನ್ನು ಅವರೆದುರೇ ಅಣಕಿಸಿದ್ದೇನೆ. ಕೆಲವರು ನಕ್ಕಿದ್ದಾರೆ, ಕೆಲವರು ಹೊಡೆಯಲು ಬಂದಿದ್ದಾರೆ. ಹಾಗೆ ಯಾರೂ ನನ್ನನ್ನು ನೋಡಿರಲಿಲ್ಲ.

ಅಜ್ಜ ಮರೆಯಿಂದ ಕೈಸನ್ನೆ ಮಾಡುತ್ತಿದ್ದ: ಒಂದರ ಕಾಲು ಹಿಡಿ, ಕೂಗಿಸು. ಕಾಲು ನನ್ನ ಬೂಟಿನ ಹತ್ತಿರವೇ ಇತ್ತು. ನನ್ನ ಕೈ ಮಡಿಲಿನಿಂದ ಏಳಲಿಲ್ಲ. ಆಗ ಅತ್ತೆ ಸನಿಕೆಯನ್ನು ಬಲಗೈಗೆ ತಂದುಕೊಂಡು, ಎಡಗೈ ಚಾಚಿ, ಬೂಟಿನ ದಾರ ಚೀಪುತ್ತಿದ್ದ ಮರಿಯ ಹಿಂಗಾಲು ಹಿಡಿದು ಎತ್ತಿದಳು.

‘ಕ್ವೀ’ ಎಂಬ ಆ ಕೂಗಿಗೆ ಹೋಲಿಸಿದರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಗುನುಗು.

ಮುಂದಿನದನ್ನು ನಾನು ಪೂರಾ ನೋಡಿಲ್ಲ. ದೊಡ್ಡಮ್ಮ ಬಂದಳು, ಬಲೆ ಮುಂದಕ್ಕೆ ಉಬ್ಬಿತು, ಒಂದು ಕಡೆಯ ಗೂಟ ಕಿತ್ತು ಹಾರಿತು. ಬಲೆಯನ್ನು ಮೈಗೆ ಸುತ್ತಿಕೊಂಡೇ ಅವಳು ಉರುಳಿ ಅತ್ತೆಯ ಕಾಲಿನವರೆಗೆ ಬಂದಳು. ಅತ್ತೆ ಮರಿಯನ್ನು ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು ಸನಿಕೆಯನ್ನು ಅಡ್ಡ ಹಿಡಿದಿದ್ದಳು. ಸನಿಕೆಯ ಹಿಡಿಯನ್ನು ಬಲೆಯೊಳಗಿನ ಬಾಯಿ ಕಚ್ಚಿ ಹಿಡಿದಿತ್ತು. ‘ಅಜ್ಜಾ!’ ಎಂದು ಅತ್ತೆ ಒಂದೇ ಸಲ ಕೂಗಿದಳು. ಭರ್ಜಿಗಳು ಬಂದವು. ಅಷ್ಟು ಹೊತ್ತಿಗೆ ನಾನು ಪಂಪ್‌ಮನೆಯ ಗೋಡೆಯ ಮೇಲಿದ್ದೆ. ಹೇಗೆ ಹತ್ತಿದೆ ಎಂದು ನನ್ನನ್ನು ಕೇಳಬೇಡಿ. ಆಮೇಲೆ ನನ್ನನ್ನು ಇಳಿಸಲು ಇಬ್ಬರು ಏಣಿ ತರಬೇಕಾಯಿತು.

ಎಲ್ಲ ನಿಂತ ಮೇಲೆ ಅತ್ತೆ ಅಲ್ಲೇ ಕುಸಿದು ಕೂತಳು. ಸೀರೆಯ ಅಂಚು ಹರಿದಿತ್ತು, ಮೊಣಕಾಲು ತರಚಿತ್ತು. ಅದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಸೆರಗನ್ನು ಮೊಣಕಾಲಿಗೆ ಒತ್ತಿ ಹಿಡಿದು, ಗೋಡೆಯ ಮೇಲಿದ್ದ ನನ್ನತ್ತ ನೋಡಿ, ‘ಮ್ಯಾಲಿಂದ ಹೆಂಗೆ ಕಾಣ್ತೈತೆ ನಮ್ಮೂರು?’ ಎಂದಳು. ಮರಿಗಳು ಗದ್ದಲಕ್ಕೆ ಚದುರಿ ಆಪಿನೊಳಗೆ ಹೋಗಿದ್ದವು.

ಮನೆಯ ಒಳಗೆ ಅದನ್ನು ಬೇಯಿಸುವಂತಿಲ್ಲ. ಅಂಗಳದ ಆಚೆ ಮೂರು ಕಲ್ಲು, ಬೇರೆ ಪಾತ್ರೆ, ಬೇರೆ ಸೌಟು. ಮೊದಲು ಭತ್ತದ ಹುಲ್ಲು ಹೊದಿಸಿ ಸುಡುವುದು. ಕೂದಲು ಸುಟ್ಟ ವಾಸನೆ ಇಡೀ ಊರಿಗೆ ಹಬ್ಬಿತು. ಆ ಹೊತ್ತಿಗೇ ದಾರಿಯಲ್ಲಿ ಒಂದು ಗಾಡಿಯ ಸದ್ದು. ‘ಜೀಪು!’ ಎಂದ ಮಾವ. ಊರಿನ ಅರ್ಧ ಗಂಡಸರು ಗೋಡೆಯ ಆಚೆ ಮಾಯವಾದರು. ಕೆಂಚಪ್ಪಜ್ಜ ಸೀಳಿದ ಕಿವಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸಾಕ್ಷಿ ಹೇಳುವವನ ಹಾಗೆ ನಿಂತುಬಿಟ್ಟ. ಬಂದದ್ದು ಹಾಲಿನ ಗಾಡಿ. ಡ್ರೈವರು ಇಳಿದು, ‘ಏನಜ್ಜ, ಯಾರ ಕಿವಿ ಹಿಂಡ್ತಿದೀಯ?’ ಎಂದ. ಜನ ಒಬ್ಬೊಬ್ಬರಾಗಿ, ಮೂತ್ರಕ್ಕೆ ಹೋಗಿದ್ದವರ ಹಾಗೆ ಮುಖ ಮಾಡಿಕೊಂಡು ವಾಪಸು ಬಂದರು. ನಾನು ಎಲ್ಲರಿಗಿಂತ ಕೊನೆಗೆ ಬಂದೆ.

ಸುಟ್ಟ ಮೈಯನ್ನು ತೆಂಗಿನ ಚಿಪ್ಪಿನಿಂದ ಹೆರೆದು, ಅರಿಸಿನ ನೀರಲ್ಲಿ ತೊಳೆದು, ಮಗುಚಿ ಹೊಟ್ಟೆ ಸೀಳಿದರು. ಅಜ್ಜ ಕಾರ್ಜ, ಅಂದರೆ ಲಿವರು, ತೆಗೆದು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಗದ್ದೆಗೆ ಹೊಡೆದ ಔಷಧಿ ತಿಂದಿದ್ದರೆ? ಏನಾದರೂ ರೋಗ ಇದ್ದರೆ? ಚುಕ್ಕೆ ಇರಲಿಲ್ಲ. ಆಮೇಲೆ ಕತ್ತಿ ಇನ್ನೂ ಕೆಳಗೆ ಇಳಿಯಿತು. ಮೊಲೆಯ ಹತ್ತಿರ ಹಾಲು ಒಡೆದು ಹರಿಯಿತು. ಕೆಂಪಿನ ನಡುವೆ ಬಿಳಿ, ಹುಲ್ಲಿನ ಮೇಲೆ. ಅತ್ತೆ ಒಂದು ಹಿಡಿ ಒಣಹುಲ್ಲು ತಂದು ಅದರ ಮೇಲೆ ಹಾಕಿ, ಖಾರ ಅರೆಯಲು ಹೋದಳು.

ಅಡುಗೆ ಅವಳದೇ. ಎಣ್ಣೆ ಹಾಕಲಿಲ್ಲ, ಇರುವ ಕೊಬ್ಬೇ ಸಾಕೆಂದಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ, ಕೊಬ್ಬರಿ, ಎರಡು ಲವಂಗ. ಮಾಂಸ ಬಿಗಿ, ಊರ ಹಂದಿಯ ಹಾಗೆ ಮೆತ್ತಗಿರಲಿಲ್ಲ. ಮೆತ್ತಗಾಗಲಿ ಎಂದು ಹಸಿ ಪರಂಗಿಕಾಯಿಯ ತುಂಡೊಂದನ್ನು ಹಾಕಿದಳು. ಗಂಟೆಗಟ್ಟಲೆ ಬೆಂದರೂ ಇಳಿಸಲು ಬಿಡಲಿಲ್ಲ. ‘ಅರ್ಧ ಬೆಂದದ್ದು ತಿಂದ್ರೆ ಹುಳ ತಲೆಗೆ ಹೋಗ್ತಾವೆ’ ಎಂದಳು. ‘ಮಂಜಂಗೆ ಆ ಹೆದ್ರಿಕೆ ಇಲ್ಲ, ಹುಳಕ್ಕೆ ಅಲ್ಲಿ ತಿನ್ನಾಕೆ ಏನೈತೆ?’ ಎಂದ ಮಾವ. ಬೆಳಗಿನಿಂದ ಅವನು ಆಡಿದ ಮೊದಲ ತಮಾಷೆ. ನಾನು ನಕ್ಕೆ, ಅವನು ಕುಂಟುವುದನ್ನು ಅಂದು ಮತ್ತೆ ನಡೆದು ತೋರಿಸಲಿಲ್ಲ.

ಪಾಲು ಹಂಚುವಾಗಲೂ ಕಟ್ಟಳೆ. ಬಲೆಗೆ ಒಂದು ಪಾಲು, ಭರ್ಜಿಗೆ ಒಂದು, ನಾಯಿ ಬರದಿದ್ದರೂ ನಾಯಿಗೆ ಒಂದು, ಗದ್ದೆಯವರಿಗೆ ಒಂದು. ಗೋಡೆ ಹತ್ತಿದವನಿಗೆ ಏನೂ ಇಲ್ಲವೆಂದು ನಾನು ಮೂಳೆಯ ಆಸೆಯಲ್ಲಿ ಕೂತಿದ್ದೆ. ಅಜ್ಜ ಎಲೆಯಲ್ಲಿ ಒಂದು ತುಂಡು ಇಟ್ಟುಕೊಂಡು ನನ್ನೆದುರು ಬಂದ. ‘ದನಿ ಕೊಟ್ಟೋನಿಗೆ ನಾಲಿಗೆ’ ಎಂದ. ‘ನಮ್ಮಪ್ಪನ ಕಾಲದಿಂದ ಹಂಗೇ.’

ತಿಂದೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಮೆತ್ತಗೆ, ಕೊನೆಗೆ ಸ್ವಲ್ಪ ಸಿಹಿ. ಅನ್ನದ ಜೊತೆ ಸಾರು ಎರಡು ಸಲ ಹಾಕಿಸಿಕೊಂಡೆ. ಬೆರಳು ನೆಕ್ಕಿದೆ. ನನ್ನ ಹೆದರಿಕೆ ಹಸಿವಿನ ಮಟ್ಟಿಗೆ ಯಾವತ್ತೂ ಅಡ್ಡ ಬಂದಿಲ್ಲ.

ಹೊತ್ತು ಇಳಿಯುವಾಗ ಅತ್ತೆಯ ಸಂಜೆ ಪಾಳಿ ಬಂತು. ಸನಿಕೆಯ ಹಿಡಿಯ ಮೇಲೆ ಹಲ್ಲಿನ ಗುರುತಿತ್ತು. ಅದನ್ನು ಸೆರಗಿನಿಂದ ಒರೆಸಿ ಹೆಗಲಿಗಿಟ್ಟಳು. ಒಂದು ಹೆಡಿಗೆ, ಒಂದು ಗೋಣಿಚೀಲ ನನ್ನ ಕೈಗೆ ಕೊಟ್ಟಳು. ‘ಬಾ.’ ಮಾವ ಜಾಲಿಮರದವರೆಗೆ ಬಂದ, ಆಮೇಲೂ ಹತ್ತು ಮಾರು ಬಂದ, ನಿಂತ.

ಮಡೆಯ ಹತ್ತಿರ ಹೋದಾಗ ಕೇಳಿಸಿತು. ಆಪಿನೊಳಗಿಂದ ಸಣ್ಣಗೆ, ಹಸಿದ ಮರಿಗಳ ಕುಂಯ್‌ಗುಟ್ಟುವಿಕೆ.

‘ಕರಿ’ ಎಂದಳು ಅತ್ತೆ.

‘ಏನಂತ?’

‘ಬೆಳಿಗ್ಗೆ ಕರೆದಂಗೆ.’

‘ಅತ್ತೆ, ಬ್ಯಾಡ.’

‘ಬ್ಯಾಡ ಅಂದ್ರೆ? ಬಿಟ್ರೆ ಸಾಯ್ತಾವೆ. ಸಾಯ್ದಿದ್ರೆ ಬೆಳೀತಾವೆ. ಮುಂದಿನ ಮಳೆಗಾಲಕ್ಕೆ ಇಲ್ಲಿ ನಿಂತ್ಕಳೋದು ನೀನಲ್ಲ, ನಾನು. ಕೆಂಚಪ್ಪಜ್ಜನ ಕಡೇರು ಹರಿಹರದಲ್ಲಿ ದೊಡ್ಡಿ ಇಟ್ಕಂಡು ಸಾಕ್ತಾರೆ, ಒಯ್ತಾರೆ. ಕರಿ.’

ಬಾಯಲ್ಲಿ ಇನ್ನೂ ಬೆಳ್ಳುಳ್ಳಿಯ ಖಾರವಿತ್ತು. ದೊಡ್ಡಮ್ಮನ ರುಚಿ ಇದ್ದ ಬಾಯಿಂದಲೇ ದೊಡ್ಡಮ್ಮನ ದನಿ ತೆಗೆಯಬೇಕು. ಬೆಳಿಗ್ಗೆ ಹೆದರಿಕೆ ಅದನ್ನು ತಾನೇ ತೆಗೆದಿತ್ತು. ಈಗ ನಾನೇ ತೆಗೆಯಬೇಕಿತ್ತು. ‘ಹುಂ... ಹುಂ... ಹುಂ...’ ನಿಧಾನಕ್ಕೆ, ಆಮೇಲೆ ಬಿರುಸಾಗಿ. ಬರಬಾರದು, ಬರಬಾರದು ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತ ನನ್ನ ಕೈಲಾದಷ್ಟು ಚೆನ್ನಾಗಿ ಕರೆದೆ.

ಬಂದವು. ಮೊದಲು ಒಂದು, ಹಿಂದೆಯೇ ಎರಡು, ಆಮೇಲೆ ಇನ್ನೂ ಕೆಲವು. ನನ್ನ ಕಾಲು ಮೂಸಿದವು, ಕೈ ಮೂಸಿದವು. ಕೈಯಲ್ಲಿದ್ದ ವಾಸನೆಗೆ ಇನ್ನೂ ಹತ್ತಿರ ಬಂದವು. ಅತ್ತೆ ಒಂದೊಂದನ್ನೇ ಎತ್ತಿ, ಈ ಸಲ ಕಾಲು ಹಿಡಿಯದೆ ಹೊಟ್ಟೆಯಡಿ ಕೈಹಾಕಿ, ಹೆಡಿಗೆಯೊಳಗೆ ಇಟ್ಟು ಗೋಣಿ ಮುಚ್ಚಿದಳು. ಒಳಗೆ ಬೆಚ್ಚಗಾಗಿ ಅವು ಸುಮ್ಮನಾದವು. ಇಷ್ಟು ಸುಲಭಕ್ಕೆ ನಂಬುವವರನ್ನು ನಾನು ಕಂಡಿರಲಿಲ್ಲ. ಎದುರಿಗೆ ಹೆದರಬೇಕಾದದ್ದು ಏನೂ ಇರಲಿಲ್ಲ, ಆದರೂ ಬೆಳಿಗ್ಗೆಗಿಂತ ಹೆಚ್ಚು ಹೆದರಿದ್ದೆ.

ಒಂದು ಬರಲಿಲ್ಲ.

ಆಪಿನ ಅಂಚಿಗೆ ಬಂದು ನಿಂತಿತು. ಬೆಳಿಗ್ಗೆ ಅತ್ತೆ ಎತ್ತಿ ಹಿಡಿದದ್ದೇ ಇರಬೇಕು, ಹಿಂಗಾಲು ನೆಲಕ್ಕೆ ಊರುತ್ತಿರಲಿಲ್ಲ. ಕಿವಿ ಮುಂದಕ್ಕೆ ಮಾಡಿ, ತಲೆ ವಾರೆ ಮಾಡಿ ಕೇಳಿತು. ‘ಇನ್ನೊಂದು ಸಲ ಕೂಗು’ ಎಂದಳು ಅತ್ತೆ, ನನ್ನ ಮುಖ ನೋಡದೆ. ಕೂಗಿದೆ. ಮೊಣಕಾಲೂರಿ, ಕೈಚಾಚಿ ಕೂಗಿದೆ. ಗಂಟಲು ಹರಿಯುವವರೆಗೆ ಕರೆದೆ. ಅದು ಪೂರಾ ಕೇಳಿಸಿಕೊಂಡಿತು. ಆಮೇಲೆ, ಓಡದೆ, ನಿಧಾನಕ್ಕೆ ಹಿಂದಕ್ಕೆ ಸರಿಯಿತು. ಆಪಿನ ಎಲೆಗಳು ಒಂದು ಕಡೆ ಅಲುಗಿ ನಿಂತವು.

‘ಬಿಡು’ ಎಂದಳು ಅತ್ತೆ. ‘ಅದಕ್ಕೆ ಗೊತ್ತಾಗೈತೆ.’

ಹೊತ್ತು ಮುಳುಗುತ್ತಿತ್ತು. ಪಾಳಿ ಮೀರುತ್ತಿತ್ತು. ಅವಳು ಸೀರೆ ಎತ್ತಿ ಕಟ್ಟಿ ಮಡೆಗೆ ಇಳಿದಳು. ಮಡೆಯ ಮಣ್ಣನ್ನು ಕಾಲಿನಿಂದ ತಳ್ಳಿ ತಳ್ಳಿ ತೆರೆದಳು, ನೀರು ಅವಳ ಮೊಣಕಾಲು ನೆನೆಸುತ್ತ ಗದ್ದೆಗೆ ನುಗ್ಗಿತು. ಸನಿಕೆ ಎರಡೂ ಕೈಯಲ್ಲಿತ್ತು, ಭರ್ಜಿಯ ಹಾಗೆ, ಆಪಿನ ಕಡೆಗೆ.